ಪೇಜ್‌ಫೈಂಡ್ ಬಳಸಿ ನೋಡಿದ್ದು: ‘ಹಲಸು’ ಅಂತ ಹುಡುಕಿದರೆ ‘ಹಲಸಿನ ಕಡುಬು’ ಸಿಗುತ್ತದೆಯೇ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ನಿಮ್ಮ ಸೈಟು ಹ್ಯೂಗೋ, ಜೆಕಿಲ್, ಇಲೆವೆಂಟಿ, ಆಸ್ಟ್ರೋ ಹೀಗೆ ಸೈಟು ಕಟ್ಟಿಕೊಡುವ ಯಾವುದೋ ಜನರೇಟರಿನಿಂದ ಬಿಲ್ಡ್ ಆಗಿ ಬರೀ ಎಚ್‌ಟಿಎಮ್‌ಎಲ್ ಫೈಲುಗಳಾಗಿ ಕೂತಿದೆಯೇ? ಅದರಲ್ಲಿ ಹುಡುಕುವ ಸೌಲಭ್ಯ ಬೇಕೇ? ಪೇಜ್‌ಫೈಂಡ್ ಅನ್ನುವ ಹುಡುಕಾಟ ತಂತ್ರಾಂಶ ಹಾಕಿಕೊಳ್ಳಿ. ಆದರೆ ಸೈಟು ಕನ್ನಡದ್ದಾಗಿದ್ದರೆ ಹಾಕಿ ಸುಮ್ನೆ ಕೂತರೆ ಸಾಲದು, ಒಂದು ಸಣ್ಣ ರಿಪೇರಿ ಬೇಕು. ರಿಪೇರಿ ಇಲ್ಲದಿದ್ದರೆ ಅರ್ಧ ಕೆಲಸ ಮಾಡುತ್ತದೆ. ಯಾವ ಅರ್ಧ ಅನ್ನುವುದೇ ತಮಾಷೆ: ‘ಬದನೆ’ ಅಂದರೆ ಬದನೆಕಾಯಿ ಅಡುಗೆಯೆಲ್ಲ ಬಂದು ನಿಲ್ಲುತ್ತದೆ, ‘ಹಲಸು’ ಅಂದರೆ ಹಲಸಿನ ಕಡುಬು ತಲೆ ಕೂಡ ಹಾಕುವುದಿಲ್ಲ.

ನಾನು ಇದನ್ನು ಹಾಕಿದ್ದು ಮಲೆನಾಡಿನ ಅಡುಗೆಗಳ ಒಂದು ಸೈಟಿಗೆ. ನಾವು ಕೆಲವು ಜನ ಸೇರಿ ಬರೆಯುವುದು, ಹ್ಯೂಗೋದಲ್ಲಿ ಬಿಲ್ಡ್ ಆಗುತ್ತದೆ. ತಂಬುಳಿ, ಪತ್ರೊಡೆ, ಅಪ್ಪೆಹುಳಿ, ಕಡುಬು, ಉಪ್ಪಿನಕಾಯಿ ಹೀಗೆ ಪುಟಗಳು ಬೆಳೆಯುತ್ತಾ ಹೋದವು. ವಿಭಾಗ, ಟ್ಯಾಗು ಎಲ್ಲಾ ಇತ್ತು. ಆದರೆ ಅಡುಗೆಮನೆಯಲ್ಲಿ ನಿಂತು ಒಂದು ಕೈಯಲ್ಲಿ ಸೌಟು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಫೋನ್ ಒತ್ತುವವರು ಟ್ಯಾಗು ನೋಡುತ್ತಾರಾ? ‘ಮಾವಿನಕಾಯಿ’ ಅಂತ ಟೈಪ್ ಮಾಡುತ್ತಾರೆ, ಸಿಗದಿದ್ದರೆ ಯೂಟ್ಯೂಬಿಗೆ ಹೋಗುತ್ತಾರೆ, ಅಷ್ಟೇ.

ಇಂಥ ಸೈಟಿಗೆ ಸರ್ವರಿನಲ್ಲಿ ಓಡುವ ಪ್ರೋಗ್ರಾಂ ಇರುವುದಿಲ್ಲ, ಡೇಟಾಬೇಸ್ ಇರುವುದಿಲ್ಲ. ಹಾಗಾಗಿ ಹುಡುಕಾಟ ಎಲ್ಲಿ ನಡೆಯಬೇಕು ಅನ್ನುವುದೇ ಪ್ರಶ್ನೆ. ಒಂದೋ ಬೇರೆಯವರ ಸರ್ವರಿನಲ್ಲಿ, ಇಲ್ಲ ಓದುಗರ ಬ್ರೌಸರಿನಲ್ಲಿ. ಬೇರೆಯವರ ಸರ್ವರ್ ಅಂದರೆ ಗೂಗಲ್‌ನ ಪ್ರೋಗ್ರಾಮೆಬಲ್ ಸರ್ಚ್ ಇದೆ. ಬಿಟ್ಟಿ ಆವೃತ್ತಿಯಲ್ಲಿ ಫಲಿತಾಂಶದ ಜೊತೆ ಜಾಹೀರಾತೂ ಬರುತ್ತದೆ. ಗೂಗಲ್ ಯಾವ ಪುಟವನ್ನು ಯಾವಾಗ ಓದಿಕೊಂಡಿದೆಯೋ ಅದರ ಮೇಲೆ ನಿಮ್ಮ ಹುಡುಕಾಟ ನಿಂತಿರುತ್ತದೆ. ಅಲ್ಗೋಲಿಯಾ ಇದೆ, ಗಟ್ಟಿ ಸೇವೆ, ತಂತ್ರಾಂಶದ ಡಾಕ್ಯುಮೆಂಟೇಶನ್ ಸೈಟುಗಳಿಗೆ ಡಾಕ್‌ಸರ್ಚ್ ಅಂತ ಉಚಿತ ಯೋಜನೆಯೂ ಉಂಟು. ಆದರೆ ಅಪ್ಪೆಹುಳಿ ಮಾಡುವ ವಿಧಾನಕ್ಕೆ ಖಾತೆ, ಎಪಿಐ ಕೀಲಿ, ಬಳಕೆಯ ಮಿತಿ ಎಲ್ಲ ನೋಡಿಕೊಳ್ಳುತ್ತಾ ಕೂರುವ ಉಮೇದು ನನಗಂತೂ ಇರಲಿಲ್ಲ.

ಬ್ರೌಸರಿನಲ್ಲೇ ಓಡುವವುಗಳಲ್ಲಿ ಹಳಬ ಅಂದರೆ ಲೂನರ್ ಜೆಎಸ್. ಎಂಕೆಡಾಕ್ಸ್‌ನಂಥ ಎಷ್ಟೋ ಸಾಧನಗಳ ಒಳಗೆ ಇವತ್ತಿಗೂ ಅದೇ ಕೂತಿದೆ. ಅದನ್ನು ಹಾಗೇ ತಂದು ಕನ್ನಡ ಪುಟಗಳ ಮೇಲೆ ಬಿಟ್ಟರೆ ಏನೂ ಸಿಗುವುದಿಲ್ಲ. ಸೊನ್ನೆ ಅಂದರೆ ಸೊನ್ನೆ. ಕಾರಣ ಸರಳ. ಪ್ರತಿ ಪದದ ಎರಡೂ ತುದಿಯಲ್ಲಿರುವ ಅಲ್ಪವಿರಾಮ, ಆವರಣ ಚಿಹ್ನೆ ಇತ್ಯಾದಿ ಕಸ ಉದುರಿಸಲು ಅದರಲ್ಲಿ ಒಂದು ಹಂತ ಇದೆ. ಜಾವಾಸ್ಕ್ರಿಪ್ಟಿನ ಹಳೇ ಲೆಕ್ಕದಲ್ಲಿ ಇಂಗ್ಲಿಷಿನ 26 ಅಕ್ಷರ, ಅಂಕಿಗಳು, ಅಂಡರ್‌ಸ್ಕೋರ್ ಇಷ್ಟೇ ‘ಪದದ ಅಕ್ಷರ’, ಉಳಿದಿದ್ದೆಲ್ಲ ಕಸ. ಅಂದರೆ ‘ತಂಬುಳಿ’ಯನ್ನು ತುದಿಯಿಂದ ಕೆರೆಯುತ್ತಾ ಹೋದರೆ ಕೊನೆಗೆ ಖಾಲಿ ಜಾಗ ಮಾತ್ರ ಉಳಿಯುತ್ತದೆ, ಆ ಖಾಲಿ ಪದವನ್ನು ಅದು ಎಸೆದುಬಿಡುತ್ತದೆ. ಇದಕ್ಕೆ ಲೂನರ್ ಲ್ಯಾಂಗ್ವೇಜಸ್ ಅನ್ನುವ ಸೇರಿಕೆ ಇದೆ, ಅದರಲ್ಲಿ ಕನ್ನಡದ ಫೈಲೂ ಇದೆ. ಅದನ್ನು ಕೂಡಿಸಿದರೆ ಕನ್ನಡ ಕಣ್ಣಿಗೆ ಬೀಳುತ್ತದೆ. ಆದರೂ ಮೂಲದ ತೊಂದರೆ ಹಾಗೇ ಉಳಿಯುತ್ತದೆ. ಇಡೀ ಸೈಟಿನ ಸೂಚಿಯನ್ನು, ಅಂದರೆ ಯಾವ ಪದ ಯಾವ ಪುಟದಲ್ಲಿದೆ ಅನ್ನುವ ಪಟ್ಟಿಯನ್ನು, ಓದುಗರ ಫೋನಿಗೆ ಮೊದಲೇ ಇಳಿಸಬೇಕು. ಒಂದು ಪಾವು ಅಕ್ಕಿ ಕೇಳಿದವರ ತಲೆ ಮೇಲೆ ಮೂಟೆಯನ್ನೇ ಹೊರಿಸಿ ಕಳಿಸಿದ ಹಾಗೆ. ಐವತ್ತು ಪುಟದ ಸೈಟಿಗೆ ಪರವಾಗಿಲ್ಲ. ಸಾವಿರ ಪುಟ ಆದಾಗ, ಅದೂ ಗುಡ್ಡದ ಮೇಲೆ ಹತ್ತಿ ಸಿಗ್ನಲ್ ಹಿಡಿಯುವ ಊರುಗಳಲ್ಲಿ, ಇದು ನಡೆಯುವ ಮಾತಲ್ಲ.

ಫ್ಯೂಸ್ ಜೆಎಸ್ ಬಗ್ಗೆಯೂ ಎರಡು ಮಾತು, ಯಾಕೆಂದರೆ ಹ್ಯೂಗೋ ಥೀಮುಗಳಲ್ಲಿ ಅದು ಜಾಸ್ತಿ ಸಿಗುತ್ತದೆ. ಕಾಗುಣಿತ ಸ್ವಲ್ಪ ತಪ್ಪಿದರೂ ಹುಡುಕಿ ಕೊಡುತ್ತದೆ, ಹೆಸರುಗಳ ಪಟ್ಟಿಗೆ ಚೆನ್ನಾಗಿದೆ. ಆದರೆ ಅದರ ಮೂಲ ಸೆಟ್ಟಿಂಗಿನಲ್ಲಿ ಪದ ಪಠ್ಯದ ಶುರುವಿನ ಹತ್ತಿರವೇ ಇರಬೇಕು, ಸುಮಾರು 60 ಅಕ್ಷರದೊಳಗೆ. ಅದರಾಚೆ ಇದ್ದದ್ದು ಇಲ್ಲದ ಲೆಕ್ಕ. ಎಲ್ಲಿದ್ದರೂ ಪರವಾಗಿಲ್ಲ ಅಂತ ಸೆಟ್ಟಿಂಗ್ ಬದಲಾಯಿಸಬಹುದು ನಿಜ. ಆಗ ಉದ್ದ ಪಠ್ಯದಲ್ಲಿ ಸಂಬಂಧವೇ ಇಲ್ಲದ ಪುಟಗಳೆಲ್ಲ ‘ನಾನೂ ಇದ್ದೇನೆ’ ಅಂತ ಬರುತ್ತವೆ. ಪೂರ್ಣ ಪಠ್ಯ ಹುಡುಕಲು ಅದು ಹುಟ್ಟಿದ್ದೇ ಅಲ್ಲ ಬಿಡಿ.

ಈಗ ಪೇಜ್‌ಫೈಂಡ್. ನ್ಯೂಜಿಲೆಂಡಿನ ಕ್ಲೌಡ್‌ಕ್ಯಾನನ್ ಕಂಪನಿಯಲ್ಲಿ ಶುರುವಾದ ಮುಕ್ತ ತಂತ್ರಾಂಶ, ಎಮ್‌ಐಟಿ ಲೈಸೆನ್ಸು. 2022ರಲ್ಲಿ ಹೊರಬಂತು, 2023ರಲ್ಲಿ 1.0 ಆಯಿತು. ರಸ್ಟ್ ಭಾಷೆಯಲ್ಲಿ ಬರೆದದ್ದು, ಬ್ರೌಸರಿನಲ್ಲಿ ವೆಬ್‌ಅಸೆಂಬ್ಲಿಯಾಗಿ ಓಡುತ್ತದೆ. ಆಸ್ಟ್ರೋದವರ ಸ್ಟಾರ್‌ಲೈಟ್ ಥೀಮಿನಲ್ಲಿ ಹುಡುಕಾಟ ಅಂದರೆ ಇದೇ, ಬೇರೇನೂ ಹಾಕದಿದ್ದರೆ ತಾನಾಗೇ ಬರುತ್ತದೆ.

ಇದರ ಜಾಣತನ ಎಲ್ಲಿದೆ ಅಂದರೆ, ನೀವು ಯಾವ ಜನರೇಟರ್ ಬಳಸುತ್ತೀರಿ ಅಂತ ಇದು ಕೇಳುವುದೇ ಇಲ್ಲ. ಸೈಟು ಬಿಲ್ಡ್ ಆದ ಮೇಲೆ ಬರುವ ಎಚ್‌ಟಿಎಮ್‌ಎಲ್ ಇದೆಯಲ್ಲ, ಅದನ್ನು ಓದುತ್ತದೆ. ಹ್ಯೂಗೋದಲ್ಲಿ ಅಂದರೆ ಪಬ್ಲಿಕ್ ಫೋಲ್ಡರ್. ನೋಡ್ ಇದ್ದರೆ ಎನ್‌ಪಿಎಕ್ಸ್ ಮೂಲಕ ಒಂದೇ ಸಾಲಿನ ಆಜ್ಞೆ. ನೋಡ್ ಬೇಡ ಅನ್ನುವವರು ಪೈಥಾನ್ ಪ್ಯಾಕೇಜ್ ಹಾಕಿಕೊಳ್ಳಬಹುದು, ಇಲ್ಲವೇ ರೆಡಿ ಬೈನರಿಯನ್ನೇ ಇಳಿಸಿಕೊಳ್ಳಬಹುದು. ಓಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಎಷ್ಟು ಭಾಷೆ ಸಿಕ್ಕಿತು, ಎಷ್ಟು ಪುಟ, ಎಷ್ಟು ಪದ ಅಂತ ವರದಿ ಕೊಟ್ಟು, ಪಬ್ಲಿಕ್ ಒಳಗೆ ಪೇಜ್‌ಫೈಂಡ್ ಅಂತ ಒಂದು ಫೋಲ್ಡರ್ ಮಾಡಿಟ್ಟಿರುತ್ತದೆ.

ಆ ಫೋಲ್ಡರನ್ನು ಒಮ್ಮೆ ತೆಗೆದು ನೋಡಿ, ವಿಷಯ ಅರ್ಥವಾಗುತ್ತದೆ. ಸೂಚಿ ಒಂದೇ ದೊಡ್ಡ ಫೈಲಾಗಿ ಇರುವುದಿಲ್ಲ, ಪದಗಳ ಅಕ್ಷರ ಕ್ರಮದಲ್ಲಿ ಸಣ್ಣ ಸಣ್ಣ ತುಂಡಾಗಿರುತ್ತದೆ. ಇನ್ನೊಂದು ಕಡೆ ಪ್ರತಿ ಪುಟಕ್ಕೆ ಒಂದರಂತೆ ಅದರ ಪಠ್ಯದ ತುಣುಕು. ಓದುಗರು ‘ಬದನೆ’ ಅಂತ ಟೈಪ್ ಮಾಡಿದರೆ ಆ ಪದ ಇರಬಹುದಾದ ತುಂಡು ಮಾತ್ರ ಇಳಿಯುತ್ತದೆ. ಆಮೇಲೆ ತೆರೆಯ ಮೇಲೆ ತೋರಿಸುವ ಮೊದಲ ಐದು ಫಲಿತಾಂಶಗಳ ತುಣುಕು ಇಳಿಯುತ್ತದೆ. ‘ಇನ್ನಷ್ಟು’ ಒತ್ತಿದರೆ ಮುಂದಿನದು. 10,000 ಪುಟದ ಸೈಟಿನಲ್ಲೂ ಒಟ್ಟು ಇಳಿಯುವುದು 300 ಕೆಬಿ ದಾಟುವುದಿಲ್ಲ, ಹೆಚ್ಚಿನ ಸೈಟುಗಳಲ್ಲಿ 100ರ ಆಸುಪಾಸು ಅಂತ ಮಾಡಿದವರು ಹೇಳುತ್ತಾರೆ. ಪುಟದ ಮೇಲ್ಗಡೆ ಹಾಕುವ ಒಂದು ದೊಡ್ಡ ಫೋಟೋಗಿಂತ ಕಡಿಮೆ. ಅಡುಗೆ ಸೈಟುಗಳು ಫೋಟೋ ವಿಷಯದಲ್ಲಿ ಎಷ್ಟು ಧಾರಾಳಿಗಳು ಅಂತ ನಿಮಗೆ ಗೊತ್ತೇ ಇದೆ.

ಹಾಕಿದ ತಕ್ಷಣ ಮಾಡಬೇಕಾದ ಕೆಲಸ ಒಂದಿದೆ. ಏನೂ ಹೇಳದಿದ್ದರೆ ಇದು ಪುಟದ ಇಡೀ ಬಾಡಿಯನ್ನು ಓದುತ್ತದೆ. ಬದಿಯ ‘ಹೊಸ ಅಡುಗೆಗಳು’ ಪಟ್ಟಿ, ‘ಇದನ್ನೂ ಓದಿ’ ಎಲ್ಲ ಸೇರಿ. ಆಗ ಈ ವಾರ ಹೊಸದಾಗಿ ಹಾಕಿದ ಅಡುಗೆಯ ಹೆಸರು ಎಲ್ಲ ಪುಟದಲ್ಲೂ ಇರುತ್ತದೆ, ಹುಡುಕಿದರೆ ಎಲ್ಲ ಪುಟವೂ ಬರುತ್ತದೆ. ಅದಕ್ಕೆ ಟೆಂಪ್ಲೇಟಿನಲ್ಲಿ ಮುಖ್ಯ ಲೇಖನ ಬರುವ ಟ್ಯಾಗಿಗೆ ಡೇಟಾ-ಪೇಜ್‌ಫೈಂಡ್-ಬಾಡಿ ಅಂತ ಒಂದು ಗುರುತು ಹಾಕಬೇಕು. ಒಂದು ಕಡೆ ಈ ಗುರುತು ಕಂಡರೆ ಸಾಕು, ಗುರುತಿಲ್ಲದ ಪುಟಗಳನ್ನೆಲ್ಲ ತಾನಾಗೇ ಬಿಟ್ಟುಬಿಡುತ್ತದೆ. ಟ್ಯಾಗು ಪಟ್ಟಿಯ ಪುಟಗಳು, ಮುಖಪುಟ ಎಲ್ಲ ಹೊರಗೆ. ಒಳಗಿನ ಯಾವುದಾದರೂ ಭಾಗ ಬೇಡ ಅಂದರೆ ಡೇಟಾ-ಪೇಜ್‌ಫೈಂಡ್-ಇಗ್ನೋರ್. ಶೀರ್ಷಿಕೆಗೆ ಜಾಸ್ತಿ ತೂಕ, ಒಳ ಪಠ್ಯಕ್ಕೆ ಕಡಿಮೆ ತೂಕ ಅನ್ನುವುದನ್ನು ಅದೇ ನೋಡಿಕೊಳ್ಳುತ್ತದೆ, ಎಚ್1ಗೆ 7, ಎಚ್2ಗೆ 6 ಹೀಗೆ ಇಳಿಯುತ್ತಾ.

ಇನ್ನೊಂದು, ಎಚ್‌ಟಿಎಮ್‌ಎಲ್ ಟ್ಯಾಗಿನಲ್ಲಿ ಲ್ಯಾಂಗ್ ಏನಿದೆ ನೋಡಿಕೊಳ್ಳಿ. ಪೇಜ್‌ಫೈಂಡ್ ಅದನ್ನು ನೋಡಿಯೇ ಭಾಷೆ ತಿಳಿಯುವುದು, ಭಾಷೆಗೊಂದು ಬೇರೆ ಸೂಚಿ ಮಾಡುತ್ತದೆ. ಕನ್ನಡ ಪುಟದಿಂದ ಹುಡುಕಿದರೆ ಕನ್ನಡದ್ದು ಮಾತ್ರ, ಇಂಗ್ಲಿಷ್ ಪುಟದಿಂದ ಹುಡುಕಿದರೆ ಇಂಗ್ಲಿಷಿನದು ಮಾತ್ರ. ಎರಡು ಭಾಷೆಯ ಸೈಟಿಗೆ ಇದು ಒಳ್ಳೆಯದೇ. ಆದರೆ ಥೀಮಿನಲ್ಲಿ ಕೆಲವು ಪುಟಕ್ಕೆ ಇಂಗ್ಲಿಷ್ ಅಂತ ಗಟ್ಟಿಯಾಗಿ ಬರೆದಿಟ್ಟಿದ್ದರೆ ಅಂಥ ಪುಟಗಳು ಕಾಣೆಯಾಗುತ್ತವೆ, ಎಲ್ಲಿ ಹೋದವು ಅಂತ ಹುಡುಕುವುದೇ ಒಂದು ಕೆಲಸ.

ಲ್ಯಾಂಗ್ ಸರಿಯಾಗಿ ಕನ್ನಡ ಅಂತ ಕೊಟ್ಟರೆ ಟರ್ಮಿನಲ್ಲಿನಲ್ಲಿ ಒಂದು ಸೂಚನೆ ಬರುತ್ತದೆ: ಈ ಭಾಷೆಗೆ ಸ್ಟೆಮ್ಮಿಂಗ್ ಬೆಂಬಲ ಇಲ್ಲ, ಹುಡುಕಾಟ ನಡೆಯುತ್ತದೆ, ಆದರೆ ಪದದ ಮೂಲ ರೂಪ ಹಿಡಿದು ಹೊಂದಿಸುವುದಿಲ್ಲ ಅಂತ. ಸ್ಟೆಮ್ಮಿಂಗ್ ಅಂದರೆ ವಿಭಕ್ತಿ, ಬಹುವಚನ ಇತ್ಯಾದಿ ಬಾಲ ಕತ್ತರಿಸಿ ಪದವನ್ನು ಬುಡಕ್ಕೆ ತರುವುದು. ಇದು ಸ್ನೋಬಾಲ್ ಅನ್ನುವ ಹಳೆಯ ಮುಕ್ತ ಯೋಜನೆಯ ನಿಯಮಗಳ ಮೇಲೆ ನಿಂತಿದೆ. ಅದರಲ್ಲಿ ತಮಿಳಿಗೆ ನಿಯಮ ಇದೆ, ಕನ್ನಡಕ್ಕೆ ಇಲ್ಲ. ಯಾರಾದರೂ ಕೂತು ಬರೆದರೆ ಬರುತ್ತದೆ, ಅಲ್ವಾ? ಬರೆದಿಲ್ಲ, ಹಾಗಾಗಿ ಇಲ್ಲ.

ಆ ಸೂಚನೆ ನೋಡಿ ಹೆದರುವುದು ಬೇಡ. ಪೇಜ್‌ಫೈಂಡಿಗೆ ಇನ್ನೊಂದು ಗುಣ ಇದೆ, ಕನ್ನಡಕ್ಕೆ ಅದೇ ದೊಡ್ಡ ಆಸರೆ. ಕೊಟ್ಟ ಪದದಿಂದ ಶುರುವಾಗುವ ಎಲ್ಲ ಪದಗಳನ್ನೂ ಅದು ಹಿಡಿಯುತ್ತದೆ. ಕನ್ನಡದಲ್ಲಿ ಪ್ರತ್ಯಯ ಎಲ್ಲ ಹಿಂದೆಯೇ ತಾನೇ ಅಂಟುವುದು? ‘ಬದನೆ’ ಕೊಟ್ಟರೆ ಬದನೆಕಾಯಿ, ಬದನೆಯ, ಬದನೆಗೆ. ‘ಬೆಲ್ಲ’ ಕೊಟ್ಟರೆ ಬೆಲ್ಲದ, ಬೆಲ್ಲವನ್ನು. ‘ರೊಟ್ಟಿ’ ಕೊಟ್ಟರೆ ರೊಟ್ಟಿಗೆ, ರೊಟ್ಟಿಯನ್ನು. ‘ಅಕ್ಕಿ’ ಕೊಟ್ಟರೆ ಅಕ್ಕಿಹಿಟ್ಟು. ನಿಯಮ ಗೊತ್ತಿಲ್ಲದೇ ಇದ್ದರೂ ಅರ್ಧ ವ್ಯಾಕರಣ ತಾನಾಗೇ ನಡೆದುಹೋಗುತ್ತದೆ.

ಉಳಿದ ಅರ್ಧ ಅಂದರೆ ‘ಉ’ ಕೊನೆಯ ಪದಗಳು. ಪ್ರತ್ಯಯ ಬಂದ ಕೂಡಲೇ ಆ ‘ಉ’ ಬಿದ್ದುಹೋಗುತ್ತದೆ. ಹಲಸು, ಹಲಸಿನ. ಮಾವು, ಮಾವಿನ. ತೆಂಗು, ತೆಂಗಿನಕಾಯಿ. ಎಳ್ಳು, ಎಳ್ಳಿನ. ಹಾಲು, ಹಾಲಿಗೆ. ಹಣ್ಣು, ಹಣ್ಣಿನ. ನಮ್ಮ ಅಡುಗೆಮನೆ ಪೂರ್ತಿ ‘ಉ’ಕಾರದಲ್ಲೇ ನಡೆಯುತ್ತದೆ ಅನ್ನುವುದು ಆಗ ಗೊತ್ತಾಗುವುದು. ಕಂಪ್ಯೂಟರಿಗೆ ‘ಹಲಸು’ ಅಂದರೆ ಹ, ಲ, ಸ, ಆಮೇಲೆ ಕೊಂಬು. ‘ಹಲಸಿನ’ ಅಂದರೆ ಹ, ಲ, ಸ, ಆಮೇಲೆ ಗುಡಿಸು. ನಾಲ್ಕನೆಯದರಲ್ಲಿ ದಾರಿ ಬೇರೆ ಆಯಿತು, ಮುಗಿಯಿತು. ಪುಟದ ಹೆಸರು ‘ಹಲಸಿನ ಹಣ್ಣಿನ ಕಡುಬು’ ಅಂತಿದ್ದು, ಒಳಗೆಲ್ಲೂ ಬರೀ ‘ಹಲಸು’ ಅಂತ ಬರೆದಿಲ್ಲದಿದ್ದರೆ ಆ ಪುಟ ಬರುವುದೇ ಇಲ್ಲ.

ಎರಡು ಪದ ಹಾಕಿದರೆ ಇನ್ನೂ ಕಷ್ಟ. ಪೇಜ್‌ಫೈಂಡ್ ಎಲ್ಲ ಪದಗಳೂ ಇರುವ ಪುಟಗಳನ್ನು ಮಾತ್ರ ಕೊಡುತ್ತದೆ. ‘ಹಲಸಿನ ಹಣ್ಣು’ ಅಂತ ಸರಿಯಾಗೇ ಟೈಪ್ ಮಾಡಿದವರಿಗೂ, ಪುಟದಲ್ಲಿ ಎಲ್ಲ ಕಡೆ ‘ಹಣ್ಣಿನ’, ‘ಹಣ್ಣನ್ನು’ ಅಂತಲೇ ಇದ್ದರೆ, ಒಂದು ಪದ ಸಿಕ್ಕಿ ಇನ್ನೊಂದು ಸಿಗದೆ ಪುಟ ಉದುರಿಹೋಗುತ್ತದೆ.

ರಿಪೇರಿ ಹೇಳಿದೆನಲ್ಲ, ಅದು ಇಲ್ಲಿ. ಪೇಜ್‌ಫೈಂಡಿನ ಜೊತೆ ಬರುವ ರೆಡಿ ಹುಡುಕಾಟ ಪೆಟ್ಟಿಗೆಯಲ್ಲಿ ಪ್ರೊಸೆಸ್‌ಟರ್ಮ್ ಅಂತ ಒಂದು ಆಯ್ಕೆ ಇದೆ. ಓದುಗರು ಟೈಪ್ ಮಾಡಿದ್ದನ್ನು ಹುಡುಕುವ ಮೊದಲು ನಿಮ್ಮ ಕೈಗೆ ಕೊಡುತ್ತದೆ, ನೀವು ತಿದ್ದಿ ವಾಪಸ್ ಕೊಡಬಹುದು. ನಾನು ಅಲ್ಲಿ ಬರೆದಿರುವುದು ಇಷ್ಟೇ: ಸ್ಪೇಸ್ ಇರುವಲ್ಲಿ ಒಡೆ, ಪ್ರತಿ ಪದದ ಕೊನೆಯಲ್ಲಿ ಕೊಂಬು ಇದ್ದರೆ ಕಿತ್ತುಹಾಕು, ಅರ್ಧಾಕ್ಷರದ ಚಿಹ್ನೆ ಇದ್ದರೆ ಅದನ್ನೂ ಕಿತ್ತುಹಾಕು, ಮತ್ತೆ ಜೋಡಿಸಿ ಕೊಡು. ‘ಹಲಸು’ ಹೋಗಿ ‘ಹಲಸ’ ಆಯಿತು. ಈಗ ಹಲಸು, ಹಲಸಿನ, ಹಲಸನ್ನು ಎಲ್ಲವೂ ಅದರಿಂದಲೇ ಶುರುವಾಗುತ್ತವೆ. ಅರ್ಧಾಕ್ಷರ ಕೀಳುವುದು ‘ಕೇಕ್’ ಥರದ ಪದಗಳಿಗೆ. ಒಬ್ಬರು ಕೇಕ್ ಅನ್ನುತ್ತಾರೆ, ಇನ್ನೊಬ್ಬರು ಕೇಕು, ಮತ್ತೊಬ್ಬರು ಕೇಕಿಗೆ. ಎಲ್ಲರಿಗೂ ಒಂದೇ ದಾರಿ. ಎರಡು ಷರತ್ತು ಇಟ್ಟಿದ್ದೇನೆ. ಕಿತ್ತ ಮೇಲೆ ಒಂದೇ ಅಕ್ಷರ ಉಳಿಯುವಂತಿದ್ದರೆ ಮುಟ್ಟಬೇಡ. ಉದ್ಧರಣ ಚಿಹ್ನೆಯ ಒಳಗೆ ಬರೆದದ್ದನ್ನು ಮುಟ್ಟಬೇಡ, ಯಾಕೆಂದರೆ ಹಾಗೆ ಬರೆದವರಿಗೆ ಆ ಪದಗುಚ್ಛ ಇದ್ದ ಹಾಗೇ ಬೇಕಿರುತ್ತದೆ, ಪೇಜ್‌ಫೈಂಡ್ ಅದನ್ನು ಗೌರವಿಸುತ್ತದೆ.

ಬೇಡದ್ದೂ ಜೊತೆಗೆ ಬರುವುದಿಲ್ಲವೇ ಅಂದರೆ, ಬರುತ್ತದೆ. ‘ಉಪ್ಪು’ ಅಂದರೆ ಉಪ್ಪಿಟ್ಟು, ಉಪ್ಪಿನಕಾಯಿ ಎಲ್ಲ ಬರುತ್ತದೆ. ಆದರೆ ಅಡುಗೆ ಸೈಟಿನಲ್ಲಿ ಬರೀ ಉಪ್ಪು ಹುಡುಕುವವರು ಯಾರು ಹೇಳಿ? ಅದೂ ಅಲ್ಲದೆ ಉದ್ದದಲ್ಲಿ ಹತ್ತಿರ ಇರುವ ಪದಕ್ಕೆ ಪೇಜ್‌ಫೈಂಡ್ ಜಾಸ್ತಿ ಅಂಕ ಕೊಡುತ್ತದೆ. ‘ಹಾಲು’ ಅಂದಾಗ ಹಾಲು, ಹಾಲಿನ ಇರುವ ಪುಟಗಳಿಗೆ ಮೇಲಿನ ಸ್ಥಾನ, ಹಾಲುಬಾಯಿಗೆ ಅದರ ನಂತರ. ಈ ಅಂಕಗಳ ಲೆಕ್ಕವನ್ನೂ ಬೇಕಾದರೆ ತಿರುಚಬಹುದು. ಪದ ಎಷ್ಟು ಸಲ ಬಂದಿದೆ, ಪುಟ ಎಷ್ಟು ಉದ್ದ ಇದೆ ಇತ್ಯಾದಿಗಳಿಗೆ ಬೇರೆ ಬೇರೆ ತಿರುಪು ಇದೆ. ನಾನು ಮುಟ್ಟಲು ಹೋಗಿಲ್ಲ.

ಈ ರಿಪೇರಿಗೂ ಬಗ್ಗದ್ದು ಸಂಧಿ, ಸಮಾಸ. ‘ಅವಲಕ್ಕಿ’ ಅಂತ ಹುಡುಕಿದವರಿಗೆ ‘ಗೊಜ್ಜವಲಕ್ಕಿ’ ಸಿಗುವುದಿಲ್ಲ, ಯಾಕೆಂದರೆ ಪದದ ನಡುವಿನಿಂದ ಇದು ಹುಡುಕುವುದಿಲ್ಲ. ‘ಕಾಯಿ’ ಅಂದರೆ ‘ತೆಂಗಿನಕಾಯಿ’ ಇಲ್ಲ. ‘ನೀರುದೋಸೆ’ ಅಂತ ಕೂಡಿಸಿ ಬರೆಯುವವರು, ‘ನೀರು ದೋಸೆ’ ಅಂತ ಬಿಡಿಸಿ ಬರೆಯುವವರು, ‘ನೀರ್ದೋಸೆ’ ಅನ್ನುವವರು ಒಂದೇ ಬೀದಿಯಲ್ಲಿ ಇರುತ್ತಾರೆ. ತಂಬುಳಿ, ತಂಬ್ಳಿ. ಪತ್ರೊಡೆ, ಪತ್ರಡೆ. ಕಾಗುಣಿತ ತಪ್ಪಿದರೆ ಸರಿಪಡಿಸಿ ಹುಡುಕುವ ಔದಾರ್ಯವೂ ಇದಕ್ಕಿಲ್ಲ. ಇದಕ್ಕೆಲ್ಲ ಪ್ರೋಗ್ರಾಂ ಬರೆಯಲು ಹೊರಟರೆ ಮುಗಿಯುವ ಕೆಲಸವಲ್ಲ. ನಾವು ಪ್ರತಿ ಅಡುಗೆಯ ಕೆಳಗೆ ‘ಬೇರೆ ಹೆಸರುಗಳು’ ಅಂತ ಒಂದು ಸಾಲು ಸೇರಿಸಿದೆವು. ಊರೂರಿನ ಹೆಸರು, ಬಿಡಿಸಿ ಬರೆದದ್ದು, ಕೂಡಿಸಿ ಬರೆದದ್ದು, ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಎಲ್ಲ ಅಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಅಡುಗೆ ಹುಡುಕುವವರು ಎಷ್ಟು ಜನ ಅಂತೀರಿ! ಅವರಿಗೆ ಸಿಗುವುದು ಆ ಸಾಲಿನಿಂದಲೇ. ಓದುಗರಿಗೂ ಅದು ಇಷ್ಟವಾಗಿದೆ, ‘ನಮ್ಮ ಕಡೆ ಇದಕ್ಕೆ ಇನ್ನೊಂದು ಹೆಸರಿದೆ’ ಅಂತ ಬರೆದು ಕಳಿಸುತ್ತಾರೆ.

ಅಲ್ಲೂ ಒಂದು ಕೀಟಲೆ ಇದೆ. ‘ಬೇರೆ ಹೆಸರುಗಳು’ ಅನ್ನುವ ಆ ಲೇಬಲ್ಲಿಗೆ ಇಗ್ನೋರ್ ಗುರುತು ಹಾಕಲೇಬೇಕು. ಇಲ್ಲದಿದ್ದರೆ ಪಾಪ ಯಾರೋ ಹೆಸರುಬೇಳೆ ಪಾಯಸ ಮಾಡೋಣ ಅಂತ ‘ಹೆಸರು’ ಎಂದು ಹುಡುಕಿದರೆ ಸೈಟಿನ ಎಲ್ಲಾ ಅಡುಗೆಯೂ ಹಾಜರ್!

ಇನ್ನು ಕಣ್ಣಿಗೆ ಕಾಣದ ತೊಂದರೆಗಳು. ‘ಐಸ್‌ಕ್ರೀಮ್’ ಅಂತ ಬರೆಯುವಾಗ ಸ ಕೆಳಗೆ ಕ ಒತ್ತಾಗಿ ಕೂರಬಾರದು ಅಂತ ನಡುವೆ ಒಂದು ಅದೃಶ್ಯ ಅಕ್ಷರ ಹಾಕುತ್ತೇವೆ. ಕೆಲವು ಕೀಬೋರ್ಡ್ ತಾನೇ ಹಾಕುತ್ತದೆ, ಕೆಲವದರಲ್ಲಿ ನಾವು ಒತ್ತಬೇಕು. ಹಾಕಿ ಬರೆದದ್ದು, ಹಾಕದೆ ಬರೆದದ್ದು ಪೇಜ್‌ಫೈಂಡಿಗೆ ಎರಡು ಬೇರೆ ಪದ. ಹಾಗೆಯೇ ‘ೋ’ ಅನ್ನುವ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ದೋಸೆ. ಎರಡನೆಯದಕ್ಕೆ ಮದ್ದು ಸುಲಭ. ಬರೆಯುವ ಫೈಲುಗಳನ್ನೂ, ಪ್ರೊಸೆಸ್‌ಟರ್ಮ್ ಒಳಗೆ ಬರುವ ಪದವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ರೂಪಕ್ಕೆ, ತಂದರೆ ಮುಗಿಯಿತು, ಜಾವಾಸ್ಕ್ರಿಪ್ಟಿನಲ್ಲಿ ಅದಕ್ಕೆ ರೆಡಿ ಫಂಕ್ಷನ್ ಇದೆ.

ಅದೃಶ್ಯ ಅಕ್ಷರಕ್ಕೆ ಸ್ವಲ್ಪ ಸರ್ಕಸ್ ಬೇಕು. ಪುಟದಿಂದಲೇ ತೆಗೆದರೆ ಓದುವಾಗ ಒತ್ತಕ್ಷರ ಕೆಟ್ಟದಾಗಿ ಕಾಣುತ್ತದೆ. ಪಬ್ಲಿಕ್ ಫೋಲ್ಡರಿನ ಒಂದು ನಕಲು ಮಾಡಿ, ನಕಲಿನಿಂದ ಮಾತ್ರ ಅದನ್ನು ಅಳಿಸಿ, ನಕಲನ್ನು ಪೇಜ್‌ಫೈಂಡಿಗೆ ಓದಿಸಿ, ಸೂಚಿಯನ್ನು ಮಾತ್ರ ಅಸಲಿ ಪಬ್ಲಿಕ್ ಒಳಗೆ ಬರೆಸಬಹುದು. ಎಲ್ಲಿ ಬರೆಯಬೇಕು ಅಂತ ಹೇಳಲು ಆಯ್ಕೆ ಇದೆ. ಟೈಪ್ ಮಾಡಿದ ಪದದಿಂದಲೂ ಅಳಿಸಿದರೆ ಎರಡೂ ಕಡೆ ಸಮ. ಆದರೆ ಫಲಿತಾಂಶದ ಕೆಳಗೆ ಕಾಣುವ ಉದ್ಧೃತ ಸಾಲುಗಳು ನಕಲಿನಿಂದ ಬರುತ್ತವಲ್ಲ, ಅಲ್ಲಿ ‘ಕುಕ್ಕರ್ನಲ್ಲಿ’ ಅಂತ ವಿಚಿತ್ರ ಒತ್ತು ಕಾಣುತ್ತದೆ. ನಾನು ಅದನ್ನು ಸಹಿಸಿಕೊಂಡಿದ್ದೇನೆ. ನಿಮಗೆ ಅಕ್ಷರದ ಅಂದ ಮುಖ್ಯ ಅನಿಸಿದರೆ ಇದನ್ನು ಬಿಟ್ಟು ‘ಬೇರೆ ಹೆಸರುಗಳು’ ಸಾಲನ್ನೇ ನಂಬಿ. ಇನ್ನು ಹಳೆಯ ನುಡಿ, ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನ ಇದ್ದರೆ ಮೊದಲು ಯೂನಿಕೋಡಿಗೆ ತಿರುಗಿಸಿ. ಅದರೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳು, ಕನ್ನಡ ಅನ್ನುವುದು ಫಾಂಟು ತೊಡಿಸಿದ ವೇಷ. ಯಾವ ಹುಡುಕಾಟವೂ ಅದರಲ್ಲಿ ಏನೂ ಹುಡುಕಲಾರದು.

ನೋಟದ ಬಗ್ಗೆ ಹೇಳುವುದು ಕಡಿಮೆ. ರೆಡಿ ಪೆಟ್ಟಿಗೆ ಚೊಕ್ಕವಾಗಿದೆ, ಬಣ್ಣ ಬದಲಾಯಿಸಲು ಸಿಎಸ್‌ಎಸ್‌ನಲ್ಲಿ ಕೆಲವು ಸಾಲು ಸಾಕು. ಗುಂಡಿ, ಸಂದೇಶಗಳನ್ನೆಲ್ಲ ಕನ್ನಡದಲ್ಲಿ ನೀವೇ ಕೊಡಬಹುದು. ಹುಡುಕಿದ ಪದವನ್ನು ಸಾಲಿನೊಳಗೆ ಹಳದಿ ಮಾಡಿ ತೋರಿಸುತ್ತದೆ. ಉದ್ದ ಪುಟದಲ್ಲಿ ಉಪಶೀರ್ಷಿಕೆಗಳಿಗೆ ಐಡಿ ಇದ್ದರೆ, ನೇರವಾಗಿ ಆ ಭಾಗಕ್ಕೇ ಹೋಗುವ ಕೊಂಡಿ ಕೊಡುವ ಆಯ್ಕೆಯಿದೆ, 'ಉಪ್ಪಿನಕಾಯಿ ಕೆಡದಂತೆ ಇಡುವುದು' ಥರದ ಭಾಗಗಳಿಗೆ ತುಂಬಾ ಉಪಯೋಗ. ಹಬ್ಬ, ಊಟದ ಹೊತ್ತು ಇತ್ಯಾದಿ ಪ್ರಕಾರ ಸೋಸುವ ಫಿಲ್ಟರೂ ಇದೆ.

ಸಿಟ್ಟು ಬಂದದ್ದು ಅಪ್‌ಲೋಡ್ ಮಾಡುವಾಗ. ಪ್ರತಿ ಪುಟಕ್ಕೆ ಒಂದು ತುಣುಕು ಅಂದೆನಲ್ಲ, ಅಂದರೆ ಸಾವಿರ ಪುಟಕ್ಕೆ ಸಾವಿರ ಸಣ್ಣ ಫೈಲು ಹೊಸದಾಗಿ ಹುಟ್ಟುತ್ತದೆ. ಗಿಟ್ ಮೂಲಕ ತಾನಾಗೇ ಬಿಲ್ಡ್ ಮಾಡುವ ಹೋಸ್ಟಿಂಗಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ನಮ್ಮದು ಆಗ ಅಗ್ಗದ ಶೇರ್ಡ್ ಹೋಸ್ಟಿಂಗು, ಎಫ್‌ಟಿಪಿ. ಸಣ್ಣ ಫೈಲುಗಳನ್ನು ಒಂದೊಂದಾಗಿ ಏರಿಸುವುದರಲ್ಲಿ ಅದು ಎಷ್ಟು ನಿಧಾನ ಅಂದರೆ ಕಾಫಿ ಮಾಡಿ, ಕುಡಿದು, ಲೋಟ ತೊಳೆದು ಬಂದರೂ ಮುಗಿದಿರುತ್ತಿರಲಿಲ್ಲ. ಫೈಲುಗಳ ಸಂಖ್ಯೆಗೆ ಮಿತಿ ಬೇರೆ. ಪಠ್ಯ ಬದಲಾದರೆ ಫೈಲಿನ ಹೆಸರೂ ಬದಲಾಗುತ್ತದೆ, ಹಾಗಾಗಿ ಹಳೆಯದನ್ನು ಅಳಿಸದೆ ಮೇಲೆ ಮೇಲೆ ಏರಿಸಿದರೆ ಕಸ ಸೇರುತ್ತಾ ಹೋಗುತ್ತದೆ. ಆ ಹೋಸ್ಟಿಂಗಿನ ಸಹಾಯವಾಣಿಯವರು ಕೊಟ್ಟ ಸಲಹೆ ದೊಡ್ಡ ಪ್ಲಾನ್ ತಗೊಳ್ಳಿ ಅನ್ನುವುದು. ನಾವು ಹೋಸ್ಟಿಂಗನ್ನೇ ಬಿಟ್ಟೆವು.

ಪರೀಕ್ಷೆ ಮಾಡುವವರು ಗಮನಿಸಿ. ಹ್ಯೂಗೋದ ಸ್ವಂತ ಸರ್ವರ್ ಪೇಜ್‌ಫೈಂಡನ್ನು ತಾನಾಗೇ ಓಡಿಸುವುದಿಲ್ಲ, ಹಾಗಾಗಿ ನೀವು ಬರೆಯುತ್ತಾ ಹೋದ ಹಾಗೆ ಸೂಚಿ ಹೊಸದಾಗುವುದಿಲ್ಲ. ಪೂರ್ತಿ ಬಿಲ್ಡ್ ಮಾಡಿ, ಪೇಜ್‌ಫೈಂಡನ್ನು ಸರ್ವ್ ಆಯ್ಕೆಯೊಂದಿಗೆ ಓಡಿಸಿ. ಲೋಕಲ್‌ಹೋಸ್ಟ್ 1414ರಲ್ಲಿ ಸೈಟು ತೆರೆಯುತ್ತದೆ. ಎಚ್‌ಟಿಎಮ್‌ಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಹುಡುಕಾಟ ನಡೆಯುವುದಿಲ್ಲ. ಸೈಟಿಗೆ ಬಿಗಿಯಾದ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ (ಯಾವ ಕೋಡ್ ಓಡಬಹುದು ಅಂತ ಬ್ರೌಸರಿಗೆ ಹೇಳುವ ನಿಯಮ) ಹಾಕಿದ್ದರೆ ವೆಬ್‌ಅಸೆಂಬ್ಲಿ ಓಡಲು ಅದರಲ್ಲಿ ಅನುಮತಿ ಸೇರಿಸಬೇಕು, ಇಲ್ಲದಿದ್ದರೆ ಪೆಟ್ಟಿಗೆ ಕಾಣುತ್ತದೆ, ಫಲಿತಾಂಶ ಬರುವುದಿಲ್ಲ.

ಯಾರಿಗೆ ಬೇಡ? ಗಂಟೆಗೊಂದು ಸುದ್ದಿ ಏರಿಸುವವರಿಗೆ ಬೇಡ, ಪ್ರತಿ ಸಲ ಇಡೀ ಸೂಚಿ ಹೊಸದಾಗಿ ಮಾಡಬೇಕಾಗುತ್ತದೆ. ಲಾಗಿನ್ ಆದವರಿಗೆ ಮಾತ್ರ ಕಾಣಬೇಕಾದ ಪುಟಗಳಿದ್ದರೆ ಅವನ್ನು ಇದರ ಕೈಗೆ ಕೊಡಲೇಬೇಡಿ, ತುಣುಕುಗಳು ಯಾರು ಬೇಕಾದರೂ ಇಳಿಸಿಕೊಳ್ಳುವ ಫೈಲುಗಳು. ಓದುಗರು ಏನು ಹುಡುಕಿದರು ಅಂತ ಲೆಕ್ಕ ಬೇಕು ಅನ್ನುವವರಿಗೂ ಇದರಲ್ಲಿ ಏನೂ ಸಿಗುವುದಿಲ್ಲ, ಎಲ್ಲವೂ ಅವರ ಬ್ರೌಸರಿನಲ್ಲೇ ಮುಗಿಯುತ್ತದೆ. ಅದು ಕೊರತೆಯೋ ಒಳ್ಳೆಯದೋ ನಿಮಗೆ ಬಿಟ್ಟದ್ದು. ಉಳಿದಂತೆ ಸಂಘದ ಸೈಟು, ಶಾಲೆಯ ಪತ್ರಿಕೆ, ಊರಿನ ಇತಿಹಾಸ, ಕವಿತೆ, ಕೃಷಿ ಮಾಹಿತಿ, ಅಡುಗೆ ಯಾವುದೇ ಇರಲಿ, ಹಾಕಿಕೊಳ್ಳಿ. ಹಾಕಿದ ಮೇಲೆ ನಿಮ್ಮ ಸೈಟಿನಲ್ಲಿ ಜಾಸ್ತಿ ಬರುವ, ‘ಉ’ಕಾರದಲ್ಲಿ ಮುಗಿಯುವ ಹತ್ತಾರು ಪದಗಳನ್ನು ಬರೆದಿಟ್ಟುಕೊಂಡು, ಪ್ರೊಸೆಸ್‌ಟರ್ಮ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ಹುಡುಕಿ ನೋಡಿ. ನಮ್ಮ ಪಟ್ಟಿಯಲ್ಲಿ ಮೊದಲು ಇದ್ದದ್ದು ಮಾವು, ಹಲಸು, ತೆಂಗು, ಎಳ್ಳು, ಹಾಲು, ಕಡುಬು, ಗೊಜ್ಜು.